ಬುಗುರಿಯ ಕೆಳಗಿನ ನೆಲ

"ಮೇಷ್ಟ್ರ ಬಾಯಿ ಮುಚ್ಚಿಸಿದೋಳು ಇವಳೇ." ಚನ್ನಪಟ್ಟಣದಲ್ಲಿ ನನ್ನನ್ನು ಇವತ್ತಿಗೂ ಹೀಗೇ ಪರಿಚಯಿಸುತ್ತಾರೆ. ಅದು ಸುಳ್ಳು. ಮೊನ್ನೆ ಬೀರು ಖಾಲಿ ಮಾಡುವಾಗ ಅರಗಿನ ಬಣ್ಣದ ಹಳೆಯ ಬುಗುರಿ ಕೈಗೆ ಸಿಕ್ಕಿತು. ಇನ್ನು ಸುಮ್ಮನಿರಲಾರೆ.

ಅವರು ಕನಕಪುರದ ಕಡೆಯ ಕ್ರೈಸ್ತರು, ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು. ನಾನು ತಿಪ್ಪಸಂದ್ರದ ಒಕ್ಕಲು ಮನೆಯ ಹುಡುಗಿ. ದೇವರಿಲ್ಲ ಎಂದು ಹದಿನಾರಕ್ಕೇ ತೀರ್ಮಾನಿಸಿದ್ದವಳು. ಅವರದೊಂದು ನಿಯಮವಿತ್ತು, ಮಧ್ಯಯುಗದ ಕ್ರೈಸ್ತ ಪಂಡಿತರಿಂದ ಬಂದದ್ದಂತೆ: ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಿ, ಆಮೇಲಷ್ಟೇ ಖಂಡಿಸಬೇಕು.

ಹಾಗಾಗಿ ದೇವರಿದ್ದಾನೆ ಎಂಬ ಆ ಪಂಡಿತರ ವಾದಗಳನ್ನು ವಾರಗಟ್ಟಲೆ ನಾನೇ ಮಂಡಿಸಿದೆ. ಅಲುಗುವ ಪ್ರತಿಯೊಂದನ್ನೂ ಬೇರೊಂದು ಅಲುಗಿಸುತ್ತದೆ. ಕೊನೆಗೆ, ತಾನು ಅಲುಗದೆ ಎಲ್ಲವನ್ನೂ ಅಲುಗಿಸುವವನೊಬ್ಬ ಇರಲೇಬೇಕು... ಮೇಷ್ಟ್ರು ಬುಗುರಿ ಬಿಟ್ಟು ನನ್ನನ್ನು ತಿದ್ದಿದರು.

"ಮೊದ್ಲು ಯಾರು ತಿರುಗಿಸಿದ್ರು ಅನ್ನೋದಲ್ಲ ಕಣವ್ವ. ಈಗ, ಈ ಗಳಿಗೇಲಿ, ಇದನ್ನ ಹೊತ್ಕೊಂಡಿರೋದು ಯಾವ್ದು? ಕೆಳಗೆ ನೆಲ ಐತೆ. ನೆಲಾನೇ ತೆಗೆದ್ಬುಟ್ರೆ? ಎಲ್ಲಾದ್ರ ಕೆಳಗೂ ಇರೋ ಆ ನೆಲಾನೇ ದೇವ್ರು ಅಂತಾರೆ ಅವ್ರು."

ಕೊನೆಗೊಂದು ದಿನ ಎಲ್ಲರೆದುರು ನಮ್ಮಿಬ್ಬರ ವಾದ. ಅವರು ದೇವರ ಪರ, ನಾನು ವಿರುದ್ಧ. ಅದೇ ಬುಗುರಿ ಬಿಟ್ಟೆ.

"ನೋಡಿ ಸಾರ್, ಕೈ ಬಿಟ್ಟಾಯ್ತು, ಇನ್ನೂ ತಿರುಗ್ತಾನೇ ಐತೆ. ತಿರುಗಿಸಿದೋನು ಸತ್ತೋಗಿದ್ರೂ ತಿರುಗ್ತೈತೆ. ಅವನು ಈಗ ಯಾಕೆ ಬೇಕು?"

ಚಪ್ಪಾಳೆಯೋ ಚಪ್ಪಾಳೆ. ನೆಲದ ಮಾತನ್ನು ಬೇಕೆಂದೇ ನುಂಗಿದ್ದೆ. ಅವರ ನಿಯಮವನ್ನು ಅವರ ಮುಂದೆಯೇ ಮುರಿದಿದ್ದೆ. ಮೇಷ್ಟ್ರು ಬುಗುರಿ ವಾಲಿ ಬೀಳುವವರೆಗೂ ನೋಡುತ್ತ ನಿಂತರು... ಎತ್ತಿ ನನ್ನ ಕೈಗಿಟ್ಟು, "ಇಟ್ಕೊ ಮಗ, ನೀನೇ ಗೆದ್ದೆ," ಎಂದು ಹೋಗಿ ಕೂತರು.

ಯಾಕೆ ಬಿಟ್ಟುಕೊಟ್ಟಿರಿ ಎಂದು ಕೇಳಬೇಕೆಂದುಕೊಂಡೇ ವರ್ಷಗಳು ಹೋದವು. ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಎಲ್ಲರೂ ಮಂಡಿಯೂರಿದರು, ನಾನು ಊರಲಿಲ್ಲ. ದುಃಖವಾಯಿತೆಂದು ದೇವರನ್ನು ಒಪ್ಪಿಬಿಡುವವಳಲ್ಲ ನಾನು. ನೆಲದ ವಾದಕ್ಕೂ ಈಗ ನನ್ನಲ್ಲಿ ಉತ್ತರವಿದೆ: ಎಲ್ಲಕ್ಕಿಂತ ಕೆಳಗಿನ ನೆಲವೊಂದಿದ್ದರೆ ಇರಲಿ, ಅದಕ್ಕೆ ಕೈ ಮುಗಿಯಬೇಕೇಕೆ? ಇದನ್ನು ಅವರಿಗೇ ಹೇಳಬೇಕಿತ್ತು. ಅವರು ಹುಬ್ಬೇರಿಸಿ ಮತ್ತೇನೋ ಅನ್ನಬೇಕಿತ್ತು...

ಬುಗುರಿ ಈಗ ನನ್ನ ಮುಂದೆ ತಿರುಗುತ್ತಿದೆ. ಅವರಿಲ್ಲ. ಅವತ್ತು ನಾನಂದದ್ದೇ ನಿಜವಾಯಿತು. ಆದರೆ ಬಿಟ್ಟುಕೊಟ್ಟ ಗೆಲುವು ನನಗೆ ಬೇಡ. ಹೇಳಿ ಸಾರ್, ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲೇ ಇತ್ತಲ್ಲ, ಅವತ್ತು ನೆಲದ ಮಾತು ಯಾಕೆ ಎತ್ತಲಿಲ್ಲ?