ಎದುರಂಗಡಿಯ ಮೇಲೆ ಒಂದು ವಾಕ್ಯ

ಐವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಇಂಗ್ಲಿಷಿನ ಚಟ ಹತ್ತಿತು. ಹತ್ತಿಸಿದವಳು ಎದುರಂಗಡಿಯವರ ಮಗಳು. ಸೊಲ್ಲಾಪುರದ ಪೇಟೆಯಲ್ಲಿ ನನ್ನದು ಚಾದರ, ಟವೆಲ್ಲುಗಳ ಅಂಗಡಿ. ಅವಳ ಅಪ್ಪನದು ಸ್ಟೀಲ್ ಪಾತ್ರೆಗಳದು. ನಡುವೆ ಹತ್ತು ಹೆಜ್ಜೆಯ ರಸ್ತೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಆ ಹುಡುಗಿ ದಿನಾ ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಶಬ್ದ ಕಳಿಸುತ್ತಿದ್ದಳು. ಸಂಜೆಯೊಳಗೆ ನಾನು ಅದನ್ನು ಮೂರು ವಾಕ್ಯಗಳಲ್ಲಿ ಬಳಸಿ ಕಳಿಸಬೇಕು. ಸರಿಯಿದ್ದರೆ "ಶಾಬ್ಬಾಸ್ ಕಾಕಾ" ಎಂದು ಉತ್ತರ ಬರುತ್ತಿತ್ತು. ಆ ಶಾಬ್ಬಾಸಿಗಾಗಿ ಗಿರಾಕಿಯನ್ನು ನಿಲ್ಲಿಸಿಕೊಂಡು ವಾಕ್ಯ ಕಟ್ಟಿದ್ದೂ ಉಂಟು. ಸಿಕ್ಕಸಿಕ್ಕವರ ಮೇಲೆ ನನ್ನ ಪ್ರಯೋಗ ನಡೆಯುತ್ತಿತ್ತು. ಪೇಟೆಯವರು ಬೆನ್ನ ಹಿಂದೆ ನನ್ನನ್ನು "ಸಾಹೇಬ್ರು" ಎಂದು ಆಡಿಕೊಳ್ಳುತ್ತಿದ್ದರು. ನನಗೆ ಅದೂ ಖುಷಿಯೇ.

ಆ ದಿನದ ಶಬ್ದ ನೋಸ್‌ಡೈವ್. ವಿಮಾನ ಮೂಗು ಕೆಳಗೆ ಮಾಡಿ ಹತೋಟಿ ತಪ್ಪಿ ಬೀಳುವುದು, ಹಾಗೆಯೇ ಯಾವುದಾದರೂ ಒಮ್ಮೆಲೇ ಕುಸಿಯುವುದು ಎಂದು ಅವಳು ಅರ್ಥ ಬರೆದಿದ್ದಳು. ಉಳ್ಳಾಗಡ್ಡಿ ದರದ ಮೇಲೆ ಒಂದು ವಾಕ್ಯ ಆಯಿತು, ಕ್ರಿಕೆಟ್ಟಿನ ಮೇಲೆ ಇನ್ನೊಂದು. ಮೂರನೆಯದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದಾಗ, ಎದುರಂಗಡಿ ಊಟಕ್ಕೆ ಮುಚ್ಚಿದ್ದ ಹೊತ್ತಿನಲ್ಲಿ, ಇಬ್ಬರು ಹಿರಿಯರು ಬಂದು ಗಾದಿಯ ಮೇಲೆ ಕೂತರು. ನಾಗಣಸೂರದಲ್ಲಿ ಹೊಲವಿದ್ದು ಅಕ್ಕಲಕೋಟೆಯಲ್ಲಿ ಮನೆ ಮಾಡಿದವರು. ಒಬ್ಬರು ವರನ ತಂದೆ, ಇನ್ನೊಬ್ಬರು ಸೋದರಮಾವ. ಎದುರಂಗಡಿಯ ಹುಡುಗಿಯನ್ನು ನೋಡಿ ಹೋಗಿದ್ದರು. ಹುಡುಗ ಹುಡುಗಿ ಇಬ್ಬರಿಗೂ ಮನಸ್ಸಾಗಿತ್ತು. ಉಳಿದದ್ದು ಚೌಕಶಿ. ಸಂಬಂಧ ಗಟ್ಟಿಯಾಗುವ ಮೊದಲು ನೆರೆಯ ಅಂಗಡಿಯಲ್ಲಿ ಕೂತು, ಏನೋ ಕೊಳ್ಳುವ ನೆವ ಮಾಡಿ, ಮನೆತನದ ವಿಚಾರ ಕೇಳುವುದು ನಮ್ಮಲ್ಲಿ ರೂಢಿ. ನಾನೇ ಹೀಗೆ ಎಷ್ಟೋ ಮನೆತನಗಳ ಬಗ್ಗೆ ಹೇಳಿದವನು.

"ಮಂದಿ ಹೆಂಗದಾರ್ರಿ?" ಎಂದರು ವರನ ತಂದೆ.

"ಬಂಗಾರದಂಥ ಮಂದಿರಿ." ಇದು ನಿಜ.

"ಮತ್ತ ಧಂದಾ?"

ಇಲ್ಲಿ ನನ್ನ ನಾಲಿಗೆ ತುರಿಸಿತು. ಎದುರಂಗಡಿಯವರು ಎರಡು ಶಟರುಗಳಲ್ಲಿ, ಅಂದರೆ ಎರಡು ಮಳಿಗೆಗಳಲ್ಲಿ, ಒಂದನ್ನು ಬಿಟ್ಟುಕೊಟ್ಟಿದ್ದರು. ಮೊಣಕಾಲು ನೋವಿನಿಂದ ಎರಡೂ ಕಡೆ ಓಡಾಡಲಾಗದೆ ಬಿಟ್ಟದ್ದು. ವ್ಯಾಪಾರ ಚೆನ್ನಾಗಿಯೇ ಇತ್ತು. ಇದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಆದರೆ ನನಗೆ ಮೂರನೆಯ ವಾಕ್ಯ ಬೇಕಾಗಿತ್ತಲ್ಲ!

"ಮೊದಲ ಎರಡ ಶಟರ್ ಇದ್ದವ್ರಿ, ಈಗ ಒಂದ. ಧಂದಾ ನೋಸ್‌ಡೈವ್ ಆಗೇದ ಅಂತಾರಲ್ರಿ, ಹಂಗ."

"ಹಂಗಂದ್ರ?"

ನಾನು ಅಂಗೈಯನ್ನು ವಿಮಾನ ಮಾಡಿ, ತಲೆಯ ಮಟ್ಟಕ್ಕೆ ಎತ್ತಿ, ಗಲ್ಲಾ ಪೆಟ್ಟಿಗೆಯ ಮೇಲೆ ಧಪ್ಪೆಂದು ಇಳಿಸಿದೆ. ಇಬ್ಬರೂ ಆ ಕೈಯನ್ನೇ ನೋಡಿದರು. ಚಹಾ ಕುಡಿದು, ಒಂದು ಚಾದರ ಕೊಂಡು ಎದ್ದರು. ಸಂಜೆ ಅವಳಿಗೆ ಆ ವಾಕ್ಯವನ್ನು ಕಳಿಸಲಿಲ್ಲ. ಷೇರು ಬಾಜಾರದ ಮೇಲೆ ಏನೋ ಬರೆದು ಕಳಿಸಿದೆ. ಅಂದರೆ ನಾನು ಮಾಡಿದ್ದು ತಪ್ಪೆಂದು ನನಗೆ ಆಗಲೇ ಗೊತ್ತಿತ್ತು.

ವಾರದೊಳಗೆ ಅಕ್ಕಲಕೋಟೆಯವರು ಯೋಗ ಕೂಡಿ ಬರಲಿಲ್ಲ ಎಂದು ತಿಳಿಸಿದರು. ಹುಡುಗಿಯ ಅಪ್ಪ ಎಂದಿನಂತೆ ನಾಲ್ಕು ಗಂಟೆಗೆ ಚಹಾಕ್ಕೆ ಬಂದು ನನ್ನ ಪಕ್ಕ ಕೂತರು.

"ಯಾರೋ ಕಲ್ಲ ಹಾಕ್ಯಾರ ನೋಡ್ರಿ. ನಾ ಅವರಿಗೆ ನಿಮ್ಮ ಹೆಸರ ಹೇಳಿದ್ದೆ. ಇಪ್ಪತ್ತ ವರ್ಷ ಎದುರಿಗೆ ಅದಾರ, ಖರೇ ಹೇಳ್ತಾರ, ಅವರನ್ನ ಕೇಳ್ರಿ ಅಂದಿದ್ದೆ. ಅವರು ನಿಮ್ಮ ಕಡಿ ಬಂದss ಇಲ್ಲ ಕಾಣಸ್ತದ."

"ಇಲ್ರಿ, ಬಂದಿಲ್ಲ" ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತು! ಅದಕ್ಕೆ ಇಂಗ್ಲಿಷಿನ ಹಂಗೂ ಬೇಕಾಗಲಿಲ್ಲ.

ಎಲ್ಲವನ್ನೂ ಸರಿ ಮಾಡಿ ಬರುತ್ತೇನೆಂದು ಒಂದು ಗುರುವಾರ ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟೆಗೆ ಹೋದೆ. ವರನ ಮನೆಯ ಓಣಿಯವರೆಗೂ ಹೋದೆ. ಬಾಗಿಲಲ್ಲಿ ಯಾರೋ ಹೆಣ್ಣುಮಗಳು ಜೋಳ ಹಸನು ಮಾಡುತ್ತಿದ್ದಳು. "ಯಾರು ಬೇಕಾಗಿತ್ರಿ?" ಎಂದಳು. "ಗುಡಿಗೆ ಹಾದಿ ಯಾವದವ್ವಾ?" ಎಂದು ಕೇಳಿದೆ, ಆ ಹಾದಿಯಲ್ಲೇ ಬಂದವನು. ದರ್ಶನ ಮಾಡಿ, ಪ್ರಸಾದದ ಊಟ ಹೊಟ್ಟೆ ತುಂಬ ಉಂಡು, ಮರಳಿ ಬಂದೆ. ನನ್ನ ನಾಚಿಕೆಗೇಡಿತನದ ಲೆಕ್ಕದಲ್ಲಿ ಆ ಊಟವೇ ಎಲ್ಲಕ್ಕಿಂತ ದೊಡ್ಡದು ಎಂದು ಈಗಲೂ ಅನ್ನಿಸುತ್ತದೆ.

ಮರುದಿನ ಹುಡುಗಿ ಅಂಗಡಿಗೆ ಬಂದಳು. ಕೂಡು ಎಂದರೂ ಕೂಡಲಿಲ್ಲ.

"ಕಾಕಾ, ಆ ಹುಡುಗ ಫೋನ್ ಮಾಡಿದ್ದ. ಅವರ ಅಪ್ಪಗ ಯಾರೋ ಕೈ ಮಾಡಿ ತೋರಿಸ್ಯಾರಂತ. ಒಂದ ಶಬ್ದನೂ ಹೇಳ್ಯಾರಂತ." ಮತ್ತೆ ಹೇಳಿದಳು: "ಆ ಶಬ್ದ ಈ ಪ್ಯಾಟ್ಯಾಗ ಇಬ್ಬರ ಬಾಯಾಗ ಇತ್ತು. ಒಬ್ಬಾಕಿ ನಾನು."

"ತಪ್ಪಾತವ್ವಾ" ಎಂದೆ. ಅಪ್ಪನ ಕಾಲು ಹಿಡಿದು ಎಲ್ಲ ಒಪ್ಪಿಕೊಳ್ಳುತ್ತೇನೆ ಎಂದೆ.

"ಬ್ಯಾಡ್ರಿ" ಎಂದಳು. ಅವಳ ದನಿ ಏರಲಿಲ್ಲ. "ನೀವು ಹೇಳಿ ಮನಸ ಹಗುರ ಮಾಡ್ಕೋತೀರಿ. ಅವರು? ಆ ಕಾಲ ಎಳಕೊಂಡು ಅವರು ಹೋಗಿ ಕೂಡೋದು ನಿಮ್ಮ ಅಂಗಡಿ ಒಂದ. ಅದನ್ಯಾಕ ಕಸಗೋತೀರಿ? ನಾನೂ ಹೇಳಂಗಿಲ್ಲ, ನೀವೂ ಹೇಳಬ್ಯಾಡ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮಗಳ ವಯಸ್ಸಿನವಳು, ನಾನು ತಲೆ ಎತ್ತಿ ಅವಳ ಮುಖ ನೋಡಲಾರದೆ ಚಾದರ ಮಡಚುತ್ತ ನಿಂತೆ. ಮಡಚಿದ್ದನ್ನೇ ಮತ್ತೆ ಮಡಚಿದೆ.

ಅಂದಿನಿಂದ ಶಬ್ದಗಳು ಬರುವುದು ನಿಂತಿದೆ. ಅವಳ ಅಪ್ಪ ಮಾತ್ರ ದಿನಾ ನಾಲ್ಕಕ್ಕೆ ರಸ್ತೆ ದಾಟುತ್ತಾರೆ. ನಾನು ಎದ್ದು ಹೋಗಿ, ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತೇನೆ. ಮೊನ್ನೆ ಚಹಾ ಕುಡಿಯುತ್ತ ಖುಷಿಯಿಂದ ಹೇಳಿದರು:

"ಮಂಗಳವೇಢೆಯವರು ಕೇಳಾಕತ್ತಾರ್ರಿ. ಈ ಸಲ ಯಾರಿಗೂ ನಡುವ ಬಾಯಿ ಹಾಕಾಕ ಬಿಡಂಗಿಲ್ಲ. ನಾನss ಅವರನ್ನ ಕರಕೊಂಡ ಬಂದು ನಿಮ್ಮ ಮುಂದ ಕೂಡಸ್ತೀನಿ."