ಬಾ ಅವರ ಹಿಮ್ಮಡಿಯ ಬಣ್ಣ

ಪಕ್ಕದ ಮನೆಯ ಮುದುಕಮ್ಮನ ಹಿಮ್ಮಡಿ ಪೂರಾ ಒಡೆದಿತ್ತು. ಆ ಬಿರುಕುಗಳಲ್ಲಿ ಒಂದು ದಿನ ನೀಲಿ, ಒಂದು ದಿನ ಕೆಂಪು. ಅದೆಲ್ಲ ನನ್ನ ಮೊಮ್ಮಗಳ ಬಣ್ಣ! ಅವಳು ಅವರ ಅಂಗಳದ ಕಲ್ಲಿನ ಮೇಲೆ ರಂಗೋಲಿ ಪುಡಿಯಲ್ಲಿ ಚಿತ್ರ ಬಿಡಿಸುವಳು. ಇವರು ಸಂಜೆ ಬಕೆಟ್ ನೀರು ಸುರಿದು ಬರಿಗಾಲಲ್ಲಿ ಉಜ್ಜಿ ತೊಳೆಯುವರು.

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ಮಗನಿಗೆ ಬ್ಯಾಂಕಿನಲ್ಲಿ ವಡೋದರಾಕ್ಕೆ ವರ್ಗವಾದ ಮೇಲೆ ಗದಗಿನಿಂದ ಅವನ ಮನೆಗೆ ಬಂದೆ, ಫತೇಗಂಜ್‌ಗೆ. ಬಂದ ಹೊಸತರಲ್ಲಿ ಮೊಮ್ಮಗಳು "ಬಾ, ಬಾ" ಎಂದು ಕೂಗುತ್ತ ಓಡಿದಳು. ನನ್ನನ್ನೇ ಕರೆಯುತ್ತಿದ್ದಾಳೆಂದು ಹಿಂದೆಯೇ ಹೋಗಿ ಪಕ್ಕದವರ ಅಡುಗೆಮನೆಯಲ್ಲಿ ನಿಂತುಬಿಟ್ಟೆ! ಗುಜರಾತಿಯಲ್ಲಿ ಅಜ್ಜಿಗೆ "ಬಾ" ಎನ್ನುತ್ತಾರಂತೆ. ಮುದುಕಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು ಚಹಾ ಕೊಟ್ಟರು. ಅಂದಿನಿಂದ ನನಗೂ ಅವರು ಬಾ.

ಮೊಮ್ಮಗಳ ಕೈ ಏನು ಕೈ ಅಂತೀರಿ! ಇನ್ನೂ ಅಕ್ಷರ ತಿದ್ದುವ ವಯಸ್ಸು. ಒಂಟೆ ಬಿಡಿಸಿದರೆ ಅದು ಮೆಲುಕು ಹಾಕುತ್ತಿದೆ ಅನ್ನಿಸುತ್ತಿತ್ತು. ಹಿಗ್ಗಿಗೆ ನನಗೆ ಊಟವೇ ಸೇರುತ್ತಿರಲಿಲ್ಲ. ಈಗ ನೆನೆದರೂ ಎದೆ ತುಂಬುತ್ತದೆ.

ಒಂದು ಸಂಜೆ ಬಾ ತೊಳೆಯಲು ಬಕೆಟ್ ಎತ್ತಿದಾಗ, ನೀರು ಹಾಕಬೇಡಿ ಎನ್ನುತ್ತ ಮಗ ಮೊಬೈಲ್ ಹಿಡಿದು ಓಡಿಬಂದ. "ರುಕೋ ಬಾ, ಪಾನಿ ಮತ್ ಡಾಲೋ! ಫೋಟೋ!"

"ಕಚರೋ ಛೆ, ಭಾಯಿ," ಎಂದು ಬಾ ಸುರಿದೇಬಿಟ್ಟರು.

"ಕಸಾ ಅಂತಾಳಲ್ಲವ್ವಾ ಈಕಿ! ನನ್ನ ಮಗಳ ಕಲೆಗೆ!" ಎಂದ ಮಗ ನನಗೆ. ಮೊಮ್ಮಗಳು ಮಾತ್ರ ಬಣ್ಣದ ನೀರಲ್ಲಿ ಥಕಥಕ ಕುಣಿಯುತ್ತಿದ್ದಳು.

ಅಲ್ಲಿಂದ ಮಗ ಸೊಸೆ ಹಟಕ್ಕೆ ಬಿದ್ದರು. ಚಿತ್ರ ಬಿಡಿಸಲು ದಪ್ಪ ಕಾಗದ ಬಂತು, ಕಲಿಸಲು ಮೇಷ್ಟರು ಬಂದರು. ದಿನಾ ಒಂದೇ ನವಿಲು ಬಿಡಿಸಿದ್ದೇ ಬಿಡಿಸಿದ್ದು. ಅಹಮದಾಬಾದಿನ ಸ್ಪರ್ಧೆಯಲ್ಲಿ ಅದೇ ನವಿಲಿಗೆ ಮೊದಲ ಬಹುಮಾನ. ಚಪ್ಪಾಳೆ ಹೊಡೆದೂ ಹೊಡೆದೂ ಅತ್ತುಬಿಟ್ಟೆ ನಾನು.

ಮನೆಗೆ ಮರಳಿದೊಡನೆ ಹುಡುಗಿ ಕಟ್ಟು ಹಾಕಿಸಿದ ಆ ನವಿಲನ್ನು ಎದೆಗವಚಿಕೊಂಡು ಪಕ್ಕದ ಮನೆಗೆ ಓಡಿದಳು. ಕಲ್ಲಿನ ಮೇಲಿಟ್ಟು, "ಬಾ, ಪಾಣೀ ನಾಖೋ," ಎಂದಳು. ಇದರ ಮೇಲೂ ನೀರು ಹಾಕು ಎಂದು.

ಬಾ ನಿಜಕ್ಕೂ ಬಕೆಟ್ ಎತ್ತಿದರು. ಮಗ ಪಟ ಕಸಿದುಕೊಂಡ. "ಇನ್ನ ಆ ಮನಿ ಹೊಸ್ತಿಲಾ ತುಳೀಬ್ಯಾಡ," ಎಂದ ಮಗಳಿಗೆ. "ನಾವು ಇಷ್ಟ ಬಡಕೊಳ್ಳೋದು ಯಾರ ಸಲುವಾಗಿ?" ಎಂದು ಸೊಸೆ ಅತ್ತಳು.

ಆಮೇಲೂ ಬಾ ಅಂಗಳ ತೊಳೆಯುತ್ತಲೇ ಇದ್ದರು. ಬರೀ ಅಂಗಳ. ಹಿಮ್ಮಡಿ ಬೆಳ್ಳಗಾಯಿತು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮನೆಗೆ ಬೀಗ ಬಿತ್ತು.

ಮೊಮ್ಮಗಳು ಈಗ ಏನನ್ನೂ ಬಿಡಿಸುವುದಿಲ್ಲ. ನವಿಲನ್ನೂ ಇಲ್ಲ. ಮಗ ಬೈದ, ಮುದ್ದಿಸಿದ, ಹೊಸ ಬಣ್ಣ ತಂದ, ಈಗ ಸುಮ್ಮನಾಗಿದ್ದಾನೆ. ಮೊನ್ನೆ ನಾನೇ ರಂಗೋಲಿ ಪುಡಿ ತಂದು ಆ ಅಂಗಳದಲ್ಲಿ ಕೂತು ಕರೆದೆ: "ಬಾ ನನ್ನವ್ವಾ, ಬಾ."

ಅವಳು ಬೀಗದ ಕಡೆ ನೋಡಿದಳು.

"ಬಾ ಇಲ್ಲಾ, ಅಜ್ಜಿ," ಎಂದಳು.