ಆಂಬುಲೆನ್ಸ್ ಚಿಲಕಗಳ ಮೆಲ್ಲಕ್ಕ

ಬೆಳಗಿನ ಐದೂವರೆ. ಗಾಡಿಗಳಿಗೆ ಬಾಡಿ ಕಟ್ಟುವ ಈ ಷೆಡ್ಡಿನಲ್ಲಿ ಇನ್ನೂ ಒಂದು ಯಂತ್ರವೂ ಬಾಯಿ ತೆರೆದಿಲ್ಲ. ಬಿಳಿ ಬಣ್ಣ ಬಳಿದು ವಾರವಷ್ಟೇ ಆದ ಆಂಬುಲೆನ್ಸಿನೊಳಗೆ, ತಲೆಗೆ ಕಟ್ಟಿಕೊಂಡ ಪುಟ್ಟ ಟಾರ್ಚಿನ ಬೆಳಕಿನಲ್ಲಿ, ಐವತ್ತೆಂಟರ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಔಷಧಿ ಬೀರುವಿನ ಬಾಗಿಲು ತೆಗೆಯುತ್ತಾರೆ, ಮುಚ್ಚುತ್ತಾರೆ. ಚಿಲಕದ ನಾಲಿಗೆಯನ್ನು ಸಣ್ಣ ಅರದಿಂದ ಎರಡು ಸಲ ಉಜ್ಜಿ, ಪುಡಿ ಊದಿ, ಮತ್ತೆ ಮುಚ್ಚುತ್ತಾರೆ. ಇದು ನಲವತ್ತೊಂದನೆಯ ಸಲ. ನೂರಾಗುವವರೆಗೆ ಅವರು ಪಕ್ಕದ ಬಾಗಿಲಿಗೆ ಹೋಗುವವರಲ್ಲ.

ಷೆಡ್ಡಿನವರು ಇವರನ್ನು ಕರೆಯುವುದು ಮೆಲ್ಲಕ್ಕ ಎಂದು. ಯಾರೇ ಬಾಗಿಲನ್ನು ದಬಾರನೆ ಹಾಕಿದರೂ "ಮೆಲ್ಲಗೆ, ಮೆಲ್ಲಗೆ" ಎಂದು ಗದರಿಸಿ ಗದರಿಸಿ ಗಿಟ್ಟಿಸಿಕೊಂಡ ಹೆಸರು. ಗಾಡಿಯೊಳಗೆ ಹನ್ನೊಂದು ಬಾಗಿಲು, ನಾಲ್ಕು ಡ್ರಾಯರ್, ಒಟ್ಟು ಹದಿನೈದು ಚಿಲಕ. ಅವುಗಳ ಸದ್ದಡಗಿಸುವುದು ಅವರ ಕೆಲಸ. ಚಿಲಕಕ್ಕೆ ನೂರರಂತೆ ಗಾಡಿಯೊಂದಕ್ಕೆ ಸಾವಿರದ ಐನೂರು ಸಲ ತೆಗೆದು ಮುಚ್ಚಬೇಕು. ಆರು ಬೆಳಗು ಹಿಡಿಯುತ್ತದೆ. ಎಂಟು ಗಂಟೆಗೆ ತಗಡು ಕತ್ತರಿಸುವ ಯಂತ್ರ ಅರಚಲು ಶುರುಮಾಡಿದರೆ ಮುಗಿಯಿತು, ಮತ್ತೇನೂ ಕೇಳದು. ಅದಕ್ಕೇ ಕೋಳಿ ಕೂಗುವ ಹೊತ್ತಿಗೆ ಬರುತ್ತಾರೆ. ಗಾಡಿ ಕೊಳ್ಳುವವರು ಇಂಜಿನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಚಿಲಕ ಯಾರು ನೋಡುತ್ತಾರೆ ಹೇಳಿ!

ಇವತ್ತು ಮಾತ್ರ ಒಬ್ಬರು ನೋಡಲು ಬರುತ್ತಿದ್ದಾರೆ. ಈ ಗಾಡಿ ದೊಡ್ಡಾಸ್ಪತ್ರೆಯ ಎಳೆಗೂಸುಗಳ ವಿಭಾಗಕ್ಕೆ ಹೋಗುವಂಥದ್ದು. ತಿಂಗಳು ತುಂಬದೆ ಹುಟ್ಟಿದ, ಅಂಗೈಯಗಲದ ಕೂಸುಗಳು ಇದರಲ್ಲಿ ಪ್ರಯಾಣ ಮಾಡುತ್ತವೆ. ಅಲ್ಲಿನ ಹಿರಿಯ ನರ್ಸ್ ಹತ್ತು ಗಂಟೆಗೆ ಬಂದು, ಗಾಡಿ ಓಡಿಸಿ ನೋಡಿ ಒಪ್ಪಬೇಕು. ಅವರು ಬೇಡವೆಂದರೆ ತಾನು ಈ ಕೆಲಸಕ್ಕೆ ಮತ್ತೆ ಕೈ ಹಾಕುವುದಿಲ್ಲ ಎಂದು ಮೆಲ್ಲಕ್ಕ ಮಾಲೀಕರ ಮುಂದೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ. ಕಾರಣ ಅವರ ಕಿವಿ. ಬಲಗಿವಿ ಹೋಗಿ ಎರಡು ವರ್ಷ. ಈಗ ಎಡಗಿವಿಯೂ ಕೈಕೊಡುತ್ತಿದೆ.

"ನೀವು ಮಾತಾಡೋದು ಕೇಳುತ್ತೆ. ಚಿಲಕದ ಮಾತು ಕೇಳ್ತಿಲ್ಲ," ಎನ್ನುತ್ತಾರೆ. "ಅರ್ಧ ಕಿವಿಯವಳನ್ನ ನಂಬಿ ಕೂಸನ್ನ ಮಲಗಿಸೋದು ತಪ್ಪಲ್ವಾ? ನಂಗೇ ಒಪ್ಪಲ್ಲ ಅದು."

ಅವರು ಈ ಷೆಡ್ಡಿಗೆ ಬಂದದ್ದು ಚಿಲಕಕ್ಕಲ್ಲ, ಸೀಟಿನ ಕವರ್ ಹೊಲಿಯಲು. ಇಪ್ಪತ್ತೆರಡು ವರ್ಷ ಹೊಲಿದರು. ಏಳು ವರ್ಷದ ಹಿಂದೆ ಅವರ ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಕೂಸನ್ನು ದೊಡ್ಡಾಸ್ಪತ್ರೆಗೆ ಸಾಗಿಸಬೇಕಾಗಿ ಬಂದಾಗ ಜೊತೆಗೆ ಕೂತವರು ಅಜ್ಜಿಯೇ. ಗಾಡಿ ಇದೇ ಷೆಡ್ಡಿನದು. ಕೂತ ಸೀಟಿನ ಹೊಲಿಗೆಯೂ ಅವರದೇ. ಎರಡು ಗಂಟೆಯ ದಾರಿ. ರಸ್ತೆಯ ಗುಂಡಿ ಸಿಕ್ಕಾಗೆಲ್ಲ ಬೀರುವಿನ ಬಾಗಿಲುಗಳು ಕಟಕಟ. ನರ್ಸ್ ಹತ್ತಿಯನ್ನೋ ಸಿರಿಂಜನ್ನೋ ತೆಗೆದು ಬಾಗಿಲು ಹಾಕಿದಾಗೆಲ್ಲ ದಬ್! ಒಂದೊಂದು ದಬ್ಬಿಗೂ ಗಾಜಿನ ಪೆಟ್ಟಿಗೆಯೊಳಗಿನ ಕೂಸು ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತುತ್ತಿತ್ತು. ಮೂರನೆಯ ದಿನ ಅದು ಹೋಯಿತು.

"ಸದ್ದಿನಿಂದ ಹೋಯ್ತು ಅಂತ ನಾನು ಎಲ್ಲೂ ಹೇಳಿಲ್ಲ. ಶ್ವಾಸಕೋಶ ಬಲಿತಿರಲಿಲ್ಲ, ಡಾಕ್ಟ್ರು ಬಿಡಿಸಿ ಹೇಳಿದ್ರು," ಎನ್ನುವಾಗ ಅವರ ಕೈಯಲ್ಲಿನ ಅರ ನಿಲ್ಲುತ್ತದೆ. "ಆದ್ರೆ ಇದ್ದಿದ್ದೇ ಮೂರು ದಿನ. ಅದರಲ್ಲಿ ಎರಡು ಗಂಟೆ ಹೆದರಿಕೊಂಡೇ ಕಳೀತಲ್ಲ, ಅದು ನನ್ನ ಹೊಟ್ಟೆ ಉರಿಸುತ್ತೆ."

ತಿಂಗಳು ಕಳೆದು ಕೆಲಸಕ್ಕೆ ಬಂದವರು ನೇರ ಹೋಗಿದ್ದು ಬಾಗಿಲು ಕೂರಿಸುವ ಮೇಸ್ತ್ರಿಯ ಹತ್ತಿರ. ಮೇಸ್ತ್ರಿ ಮೂಗು ಮುರಿದರು. ಬಾಗಿಲು ಎಷ್ಟು ಜೋರಾಗಿ ಬಡಿದುಕೊಂಡರೆ ಅಷ್ಟು ಗಟ್ಟಿಯಾಗಿ ಮುಚ್ಚಿದೆ ಎಂಬುದು ಈ ಕಸುಬಿನವರ ಲೆಕ್ಕಾಚಾರ. "ಅದು ಬೀರು ಕಣಮ್ಮ, ಬೆಕ್ಕಲ್ಲ" ಎಂದು ನಕ್ಕರಂತೆ. ಮೆಲ್ಲಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೀಟಿಗೆ ತಂದು ಉಳಿದಿದ್ದ ದಪ್ಪ ಉಣ್ಣೆಬಟ್ಟೆಯ ಪಟ್ಟಿಗಳನ್ನು ಒಂದು ಗಾಡಿಯ ಹದಿನೈದು ಚಿಲಕಗಳಿಗೂ ಅಂಟಿಸಿಬಿಟ್ಟರು. ಸದ್ದು ಎಳ್ಳಷ್ಟೂ ಉಳಿಯಲಿಲ್ಲ. ಅಂದು ತನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ಎಂಟೇ ದಿನಕ್ಕೆ ಆ ಗಾಡಿ ವಾಪಸು ಬಂತು. ಸದ್ದೇ ಇಲ್ಲದಿದ್ದರೆ ಬಾಗಿಲು ಮುಚ್ಚಿತೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ? ಮುಚ್ಚಿದೆ ಎಂದುಕೊಂಡ ಡ್ರಾಯರ್ ತಿರುವಿನಲ್ಲಿ ಸರಕ್ಕನೆ ಹೊರಗೆ ಬಂದು, ಸೀಸೆಗಳೆಲ್ಲ ಒಡೆದು, ನರ್ಸ್ ಒಬ್ಬರ ಪಾದ ಸೀಳಿತ್ತು. ಮೇಸ್ತ್ರಿ ಎಲ್ಲರೆದುರು ಕೈಮುಗಿದರು: "ನಿನ್ನ ಮೌನವ್ರತ ನಮ್ಮ ತಲೆಗೆ ಬಂತಲ್ಲ ತಾಯಿ!" ಮೆಲ್ಲಕ್ಕ ಆಸ್ಪತ್ರೆಗೆ ಹೋಗಿ ಆ ನರ್ಸಿನ ಕ್ಷಮೆ ಕೇಳಿ ಬಂದರು.

"ಆವತ್ತು ಬುದ್ಧಿ ಬಂತು. ಸದ್ದನ್ನ ಸಾಯಿಸಬಾರದು, ಸಣ್ಣದು ಮಾಡಬೇಕು. ದಬ್ ಹೋಗಬೇಕು, ಟಿಕ್ ಇರಬೇಕು. ಮುಚ್ಚಿದೋರ ಕೈಗೆ ಮುಚ್ಚಿತು ಅಂತ ಗೊತ್ತಾಗಬೇಕು, ಮಲಗಿದೋರಿಗೆ ಗೊತ್ತಾಗಬಾರದು."

ಅಂದಿನಿಂದ ಅವರ ದಾರಿ ಬೇರೆಯಾಯಿತು. ಚಿಲಕದ ನಾಲಿಗೆ ಎದುರಿನ ತಗಡಿಗೆ ಹೊಡೆಯದೆ ಜಾರಿ ಒಳಸೇರುವಂತೆ ಅದರ ಅಂಚನ್ನು ಇಳಿಜಾರಾಗಿ ಉಜ್ಜುತ್ತಾರೆ. ಬಾಗಿಲು ಬಂದು ತಾಗುವಲ್ಲಿ ತೆಳ್ಳನೆಯ ರಬ್ಬರ್, ಉಗುರಿನಷ್ಟೇ ದಪ್ಪ. ಬಿಗಿಯಾದ ಸ್ಪ್ರಿಂಗ್ ತೆಗೆದು ಮೆತ್ತನೆಯದು ಹಾಕುತ್ತಾರೆ. ಇಷ್ಟಾದ ಮೇಲೆ ಹಿಡಿದು ಜಗ್ಗಿ ನೋಡುತ್ತಾರೆ. ಬಾಗಿಲು ಬಿಟ್ಟುಕೊಂಡರೆ ಎಲ್ಲ ಬಿಚ್ಚಿ ಮೊದಲಿನಿಂದ. ಹೀಗೆ ಅವರ ಕೈ ದಾಟಿ ಹೋದ ಗಾಡಿಗಳು ನೂರ ಅರವತ್ತಕ್ಕೂ ಹೆಚ್ಚು. ಮನೆಯಲ್ಲಿ ಮಾತ್ರ ಗಂಡನದು ಬೇರೆಯದೇ ದೂರು. "ನಮ್ಮ ಬೀರು ಬಾಗಿಲು ಹಾಕಿದ್ರೆ ಬೀದಿಗೆಲ್ಲ ಕೇಳುತ್ತೆ. ಅದಕ್ಕೆ ಯಾವ ಪುಣ್ಯಾತ್ಮರು ಬರಬೇಕೋ!" ಮಗಳು ಕೂಸಿನ ವಿಷಯ ಎತ್ತುವುದೇ ಇಲ್ಲ. ಒಮ್ಮೆ ಷೆಡ್ಡಿಗೆ ಬಂದು, ಗಾಡಿ ಹತ್ತಿ, ಒಂದೇ ಒಂದು ಬಾಗಿಲನ್ನು ತೆಗೆದು ಮುಚ್ಚಿ, ಅಮ್ಮನ ಹೆಗಲ ಮೇಲೆ ಕೈಯಿಟ್ಟು ಹೊರಟುಹೋದಳು.

ಎಡಗಿವಿಯೂ ಕೈಕೊಡುತ್ತಿರುವುದನ್ನು ಮೊದಲು ಕಂಡುಹಿಡಿದವರು ಅದೇ ಮೇಸ್ತ್ರಿ. ಕಳೆದ ತಿಂಗಳು ಮೆಲ್ಲಕ್ಕ ಸರಿ ಎಂದ ಗಾಡಿಯಲ್ಲಿ ಎರಡು ಬಾಗಿಲು ಇನ್ನೂ ದಬ್ ಎನ್ನುತ್ತಿದ್ದವು. ಮೇಸ್ತ್ರಿ ಯಾರಿಗೂ ಹೇಳದೆ, ಅವರನ್ನು ಪಕ್ಕಕ್ಕೆ ಕರೆದು, ಬಾಗಿಲಿನ ಮೇಲೆ ಅವರ ಕೈಯನ್ನೇ ಇಡಿಸಿ ತೋರಿಸಿದರು. ಮಾರನೆಯ ಬೆಳಿಗ್ಗೆ ಐದೂವರೆಗೆ ಬಂದರೆ ಮೇಸ್ತ್ರಿ ಆಗಲೇ ಗಾಡಿಯೊಳಗೆ ಕೂತಿದ್ದಾರೆ! "ನೀನು ಬೆರಳಲ್ಲಿ ನೋಡು, ನಾನು ಕಿವೀಲಿ ನೋಡ್ತೀನಿ" ಎಂದರಂತೆ. ಈ ಗಾಡಿಯ ಹದಿನೈದು ಚಿಲಕಗಳೂ ಹಾಗೆ ಇಬ್ಬರ ಕೈಯಲ್ಲಿ ಪಳಗಿದವು. ಅದು ಸಾಕೋ ಸಾಲದೋ ಎಂಬುದೇ ಇವತ್ತಿನ ಪರೀಕ್ಷೆ.

ಹತ್ತಕ್ಕೆ ಸರಿಯಾಗಿ ನರ್ಸ್ ಬರುತ್ತಾರೆ. ಪಾಳಿ ಮುಗಿಸಿ ಮನೆಗೂ ಹೋಗದೆ ಬಂದವರು, ಕಣ್ಣು ಕೆಂಡದಂತಿವೆ. ಒಂದೊಂದು ಚಿಲಕವನ್ನೂ ತೆಗೆದು, ಮುಚ್ಚಿ, ಎಳೆದು ನೋಡುತ್ತಾರೆ. ಮುಖದಲ್ಲಿ ಮೆಚ್ಚುಗೆಯಿಲ್ಲ, ಬೇಸರವೂ ಇಲ್ಲ. "ನಿಂತ ಗಾಡೀಲಿ ಎಲ್ಲ ಚಿಲಕಾನೂ ಸಾಧುವೇ. ಓಡಿಸಿ, ನೋಡೋಣ" ಎಂದು ರೋಗಿಯ ಮಂಚದ ಮೇಲೆ ಮಲಗಿ, ಬೆಲ್ಟು ಬಿಗಿದುಕೊಂಡು, ಸದ್ದು ಚೆನ್ನಾಗಿ ಕೇಳಲೆಂದು ಕಣ್ಣು ಮುಚ್ಚುತ್ತಾರೆ.

ಮೇಸ್ತ್ರಿ ಡ್ರೈವರ್ ಪಕ್ಕದಲ್ಲಿ, ಮೆಲ್ಲಕ್ಕ ಮಂಚದ ಎದುರಿನ ಸೀಟಿನಲ್ಲಿ. ಗಾಡಿ ಷೆಡ್ಡಿನ ಹಿಂದಿನ ಹಾಳು ರಸ್ತೆಗೆ ಇಳಿಯುತ್ತದೆ. ಗುಂಡಿಯ ಮೇಲೆ ಗುಂಡಿ. ಬಾಗಿಲುಗಳು ಏನು ಮಾತಾಡುತ್ತಿವೆಯೋ ಮೆಲ್ಲಕ್ಕನಿಗೆ ಕೇಳಿಸದು. ಜೀವ ಕೈಯಲ್ಲಿ ಹಿಡಿದು ನರ್ಸಿನ ಮುಖವನ್ನೇ ನೋಡುತ್ತಾರೆ. ಮೊದಲ ಗುಂಡಿಗೆ ರೆಪ್ಪೆ ಅದುರುತ್ತದೆ. ಆಮೇಲಿಲ್ಲ. ಹುಬ್ಬಿನ ಗಂಟು ಸಡಿಲವಾಗುತ್ತದೆ, ಬಾಯಿ ಚೂರು ತೆರೆದುಕೊಳ್ಳುತ್ತದೆ. ಮೆಲ್ಲಕ್ಕ ಗಾಬರಿಯಿಂದ ಬಾಗಿ ನೋಡುತ್ತಾರೆ. ಉಸಿರು ಒಂದೇ ಸಮನೆ ಏರಿಳಿಯುತ್ತಿದೆ.

ಗಾಡಿ ಷೆಡ್ಡಿನ ಗೇಟಿನ ಹತ್ತಿರ ಬರುತ್ತದೆ. ಮುಂದಿನ ಕಿಂಡಿಯಿಂದ ಮೇಸ್ತ್ರಿ ತಲೆ ತೂರಿಸುತ್ತಾರೆ. "ಏನಂದ್ರು? ಪಾಸಾ?"

ಮೆಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕಿಂಡಿಯತ್ತ ಬಾಗುತ್ತಾರೆ.

"ಒಳಗೆ ತಿರುಗಿಸಬೇಡಿ ಅಂತ ಡ್ರೈವರ್‌ಗೆ ಹೇಳಿ. ಇನ್ನೊಂದು ಸುತ್ತು ಹೋಗಲಿ. ಪಾಪ, ನಿದ್ದೆ ಮಾಡ್ತಿದ್ದಾರೆ."